ಹನ್ನೊಂದು ದಿನದ ದಾರಿಗೆ ನಲ್ವತ್ತು ವರ್ಷ

ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ನಮ್ಮ ಬಳಿಗೆ ಬಂದು ಕೇಳಿದ: “ಮಾಷ್ಟ್ರೇ, ಇಸ್ರಾಯೇಲ್ಯರಿಗೆ ಹಗಲು ಮೋಡವಾಗಿ, ರಾತ್ರಿ ಬೆಂಕಿಯಾಗಿ ದೇವರೇ ದಾರಿ ತೋರಿಸಿದ್ದಂತೆ. ಹಾಗಾದರೆ ಊರು ಮುಟ್ಟಲಿಕ್ಕೆ ನಲ್ವತ್ತು ವರ್ಷ ಯಾಕೆ ಬೇಕಾಯಿತು?” ಹುಡುಗನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಗಂಟೆ ಹೊಡೆದ ಕಾರಣ ಅರ್ಧ ಉತ್ತರ ಕೊಟ್ಟು ಕಳುಹಿಸಿದೆವು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಆ ಹುಡುಗನೊಬ್ಬನದಲ್ಲ. ದೇವರನ್ನು ನಂಬಿಯೂ ಕಷ್ಟ ತೀರದ ಪ್ರತಿಯೊಂದು ಮನೆಯಲ್ಲಿಯೂ ಇದು ಒಂದಲ್ಲ ಒಂದು ದಿನ ಏಳುವ ಪ್ರಶ್ನೆ.

ಈ ಅಲೆದಾಟದ ಕಥೆಯ ಬಹುಭಾಗ ಬೈಬಲಿನ ನಾಲ್ಕನೆಯ ಪುಸ್ತಕದಲ್ಲಿದೆ. ನಮ್ಮ ನೆರೆಯ ಮಲಯಾಳಿ ಕ್ರೈಸ್ತರು ತಮ್ಮ ಬೈಬಲಿನಲ್ಲಿ ಅದನ್ನು ‘ಸಂಖ್ಯಾಪುಸ್ತಕ’ ಎಂದು ಓದುತ್ತಾರೆ. ಜನಗಣತಿಯ ಅಧ್ಯಾಯಗಳು ಅದರಲ್ಲಿರುವುದರಿಂದ ಗ್ರೀಕ್ ಭಾಷಾಂತರಕಾರರು ಇಟ್ಟ ಹೆಸರಿನ ಜಾಡು ಅದು. ಕನ್ನಡ ಬೈಬಲಿನಲ್ಲಿ ಅದೇ ಪುಸ್ತಕಕ್ಕೆ ‘ಅರಣ್ಯಕಾಂಡ’ವೆಂದು ಹೆಸರು. ಹೀಬ್ರೂ ಮೂಲದಲ್ಲಿಯೂ ಅದರ ಹೆಸರಿಗೆ ‘ಅರಣ್ಯದಲ್ಲಿ’ ಎಂದೇ ಅರ್ಥ. ರಾಮಾಯಣ ಕೇಳಿ ಬೆಳೆದ ಕನ್ನಡಿಗನಿಗೆ ಈ ಹೆಸರು ಕೂಡಲೇ ಆಪ್ತವಾಗುತ್ತದೆ. ಆದರೆ ದಂಡಕಾರಣ್ಯದ ಮರಗಳನ್ನು ಇಲ್ಲಿ ಕಲ್ಪಿಸಿಕೊಳ್ಳಬಾರದು. ಇದು ಸೀನಾಯಿಯ ಒಣನೆಲ, ಕಲ್ಲುಗುಡ್ಡ, ನೀರಿಲ್ಲದ ಬಯಲು. ನೆರಳೇ ಅಪರೂಪವಾದ ಅರಣ್ಯ.

ಇತಿಹಾಸದ ಚರ್ಚೆ ಬೇರೆಯೇ ಇದೆ. ಐಗುಪ್ತದ ಅರಸ ಮೆರ್ನೆಪ್ತನ ಶಿಲಾಶಾಸನವೊಂದನ್ನು 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಶೋಧಿಸಿದರು. ಸುಮಾರು ಕ್ರಿ.ಪೂ. 1208ರ ಆ ಶಾಸನದಲ್ಲಿ ಇಸ್ರಾಯೇಲ್ ಎಂಬ ಜನರ ಹೆಸರು ಬರುತ್ತದೆ. ಆದರೆ ಅಷ್ಟು ದೊಡ್ಡ ಸಮೂಹ ಸೀನಾಯಿಯಲ್ಲಿ ನಲ್ವತ್ತು ವರ್ಷ ಅಲೆದದ್ದಕ್ಕೆ ಅಗೆತದಲ್ಲಿ ಪುರಾವೆ ದೊರೆತಿಲ್ಲ. ಅದನ್ನು ವಿದ್ವಾಂಸರಿಗೆ ಬಿಡೋಣ. ಸಾಮಾನ್ಯವಾಗಿ ಜನಾಂಗಗಳು ತಮ್ಮ ಪೂರ್ವಜರ ಪರಾಕ್ರಮವನ್ನು ಹಾಡುತ್ತವೆ. ಈ ಜನ ತಮ್ಮ ಪೂರ್ವಜರ ಗೊಣಗಾಟವನ್ನೂ ಹೇಡಿತನವನ್ನೂ ಮುಚ್ಚದೆ ಬರೆದಿಟ್ಟುಕೊಂಡರು. ಇಂಥ ಕಥೆ ತನ್ನೊಳಗೆ ಏನು ಹೇಳುತ್ತದೆ ಎಂಬುದಷ್ಟೇ ನಮ್ಮ ವಿಷಯ.

ಹುಡುಗನ ಸಂಶಯಕ್ಕೆ ಅವನು ತಿಳಿದುದಕ್ಕಿಂತ ಹೆಚ್ಚಿನ ಆಧಾರವಿದೆ. ಹೋರೇಬಿನಿಂದ ಕಾನಾನಿನ ಗಡಿಯಾದ ಕಾದೇಶ್‌ಬರ್ನೇಯಕ್ಕೆ ಹನ್ನೊಂದು ದಿನದ ಪ್ರಯಾಣವೆಂದು ಧರ್ಮೋಪದೇಶಕಾಂಡದ ಆರಂಭದಲ್ಲಿಯೇ ಇದೆ. ಮರುವಾಕ್ಯದಲ್ಲಿ ಮೋಶೆ ಜನರೊಡನೆ ಮಾತನಾಡಲು ತೊಡಗುವುದು ನಲ್ವತ್ತನೆಯ ವರ್ಷದ ಹನ್ನೊಂದನೆಯ ತಿಂಗಳಲ್ಲಿ. ಹನ್ನೊಂದು ದಿನ, ನಲ್ವತ್ತು ವರ್ಷ: ಎರಡು ಲೆಕ್ಕಗಳನ್ನೂ ಬರೆದವರು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಿದ್ದಾರೆ. ಓದುವವನು ಈ ಪ್ರಶ್ನೆ ಕೇಳಲಿ ಎಂಬುದೇ ಅವರ ಉದ್ದೇಶವಿರಬೇಕು.

ದೈವದ ಮಾರ್ಗದರ್ಶನವೆಂದರೆ ಹತ್ತಿರದ ದಾರಿ ಎಂದು ನಾವು ಭಾವಿಸುತ್ತೇವೆ. ಕಥೆ ಮೊದಲಿಗೇ ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಐಗುಪ್ತದಿಂದ ಕಾನಾನಿಗೆ ಸಮುದ್ರತೀರದ ಫಿಲಿಷ್ಟಿಯರ ದಾರಿಯೇ ಸಮೀಪ. ಆದರೆ ದೇವರು ಅವರನ್ನು ಆ ದಾರಿಯಲ್ಲಿ ನಡೆಸಲಿಲ್ಲ. ಕಾರಣವೂ ವಿಮೋಚನಕಾಂಡದಲ್ಲಿದೆ: ಯುದ್ಧವನ್ನು ಕಂಡೊಡನೆ ಈ ಜನ ಮನಸ್ಸು ಬದಲಿಸಿ ಐಗುಪ್ತಕ್ಕೆ ಹಿಂದಿರುಗಿಯಾರು ಎಂದು. ತಲೆಮಾರುಗಳಿಂದ ಇಟ್ಟಿಗೆ ಮಾಡುತ್ತಿದ್ದ ದಾಸರು ಅವರು. ಎದುರಾಳಿಯ ಮುಂದೆ ನಿಲ್ಲುವ ಬಲ ಇನ್ನೂ ಬಂದಿರಲಿಲ್ಲ. ಅಂದರೆ, ನಡೆಯುವವರ ಕಾಲಿನ ಶಕ್ತಿಯನ್ನು ನೋಡಿ ದಾರಿಯನ್ನು ಆರಿಸಲಾಯಿತು.

ಇನ್ನು ಮೇಘಸ್ತಂಭದ ವಿಷಯ. ಮೋಡ ಗುಡಾರದ ಮೇಲಿಂದ ಎದ್ದರೆ ಜನ ಹೊರಡಬೇಕು, ನಿಂತರೆ ನಿಲ್ಲಬೇಕು. ಎರಡು ದಿನವಾಗಲಿ, ಒಂದು ತಿಂಗಳಾಗಲಿ, ಅದಕ್ಕೂ ಹೆಚ್ಚಾಗಲಿ, ಮೋಡ ನಿಂತಷ್ಟು ಕಾಲ ಪಾಳೆಯವೂ ನಿಲ್ಲುತ್ತಿತ್ತು ಎಂದು ಅರಣ್ಯಕಾಂಡದ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಸೀನಾಯಿ ಬೆಟ್ಟದ ಬುಡದಲ್ಲಿಯೇ ಅವರು ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ತಂಗಿದರು. ಆಗಲೇ ಕಟ್ಟಳೆಗಳನ್ನು ಪಡೆದರು, ಗುಡಾರವನ್ನು ಕಟ್ಟಿದರು. ಮುಂದೆ ಹಚೇರೋತಿನಲ್ಲಿ ಮಿರ್ಯಾಮಳಿಗೆ ತೊನ್ನು ಹತ್ತಿ ಅವಳನ್ನು ಏಳು ದಿನ ಪಾಳೆಯದ ಹೊರಗಿಡಬೇಕಾಯಿತು. ಅವಳು ಒಳಬರುವ ತನಕ ಇಡೀ ಜನ ಅಲ್ಲಿಂದ ಕದಲಲಿಲ್ಲ. ತಪ್ಪು ಮಾಡಿ ಶಿಕ್ಷೆ ಅನುಭವಿಸುತ್ತಿದ್ದ ಒಬ್ಬ ಮುದುಕಿಗಾಗಿ ಆ ದೊಡ್ಡ ಸಮೂಹ ಒಂದು ವಾರ ಕಾದಿತು. ನಿಲ್ಲುವುದೂ ಮಾರ್ಗದರ್ಶನದ ಒಂದು ಭಾಗವೆಂಬುದನ್ನು ನಾವು ಮರೆಯುತ್ತೇವೆ.

ಇಲ್ಲಿ ಇನ್ನೊಂದು ಸಂಗತಿಯತ್ತ ವಾಚಕರ ಗಮನ ಸೆಳೆಯಬೇಕು. ಮೋಡ ಎದುರಿಗಿದ್ದಾಗಲೂ ಮೋಶೆ ತನ್ನ ಹೆಂಡತಿಯ ತವರಿನವನಾದ ಮಿದ್ಯಾನ್ಯ ಹೋಬಾಬನನ್ನು ಬೇಡಿಕೊಂಡನು: ಈ ಅರಣ್ಯದಲ್ಲಿ ಎಲ್ಲೆಲ್ಲಿ ಇಳಿದುಕೊಳ್ಳಬೇಕೆಂಬುದು ನಿನಗೆ ತಿಳಿದಿದೆ, ನಮ್ಮನ್ನು ಬಿಟ್ಟುಹೋಗಬೇಡ, ನಮಗೆ ಕಣ್ಣಾಗಿರು ಎಂದು. ಆಕಾಶದಲ್ಲಿ ದೇವರ ಗುರುತು ಇದ್ದ ಮೇಲೆ ಅನ್ಯ ಕುಲದವನ ಕಣ್ಣು ಯಾಕೆ? ಮೋಶೆಗೆ ಈ ಎರಡರಲ್ಲಿ ವಿರೋಧ ಕಾಣಲಿಲ್ಲ. ಹೊರಡಬೇಕೋ ನಿಲ್ಲಬೇಕೋ ಎಂಬುದನ್ನು ಮೋಡ ತಿಳಿಸುತ್ತದೆ. ನೀರು ಎಲ್ಲಿದೆ, ಕುರಿಗಳಿಗೆ ಹುಲ್ಲು ಎಲ್ಲಿದೆ ಎಂಬುದನ್ನು ಆ ನೆಲದಲ್ಲಿ ಹುಟ್ಟಿ ಬೆಳೆದವನಲ್ಲಿ ಕೇಳಬೇಕು. ದಿನವಿಡೀ ಒಬ್ಬನೇ ನ್ಯಾಯ ತೀರಿಸುತ್ತ ಬಳಲುತ್ತಿದ್ದ ಮೋಶೆಗೆ ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಅಧಿಕಾರಿಯನ್ನು ನೇಮಿಸು ಎಂದು ಬುದ್ಧಿ ಹೇಳಿದವನೂ ಮಿದ್ಯಾನಿನ ಅವನ ಮಾವ ಇತ್ರೋವನೇ. ದೇವರನ್ನು ನಂಬಿದ್ದೇವೆ, ಇನ್ನು ತಿಳಿದವರನ್ನು ಕೇಳಬೇಕಾಗಿಲ್ಲ ಎನ್ನುವ ಭಕ್ತಿಗೆ ಈ ಕಥೆಯಲ್ಲಿ ಆಧಾರವಿಲ್ಲ.

ಮನ್ನಾ ಎಂಬ ಆಹಾರದ ಪ್ರಸಂಗವೂ ಇದನ್ನೇ ಕಲಿಸುತ್ತದೆ. ಬೆಳಗಾಗುವಾಗ ನೆಲದ ಮೇಲೆ ಕೊತ್ತಂಬರಿ ಬೀಜದಂತೆ ಬಿದ್ದಿರುತ್ತಿದ್ದ ಅದನ್ನು ತಲೆಗೆ ಒಂದು ಓಮೆರ್ ಅಳತೆಯಷ್ಟು ಕೂಡಿಸಿಕೊಳ್ಳಬೇಕು. ನಾಳೆಗೆಂದು ಬಚ್ಚಿಟ್ಟರೆ ಹುಳ ಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡು ದಿನದ್ದನ್ನು ತೆಗೆದಿಡಬಹುದು, ಏಳನೆಯ ದಿನ ವಿಶ್ರಾಂತಿ. ಸಿಕ್ಕಿದ್ದು ಅಂದಂದಿನ ಅನ್ನ, ಅಂದಂದಿನ ದಾರಿ. ಇಡೀ ಪ್ರಯಾಣದ ನಕ್ಷೆಯನ್ನು ಯಾರ ಕೈಗೂ ಕೊಡಲಿಲ್ಲ. ಜನ ಬೇಸತ್ತರು. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು. ಊಟದ ರುಚಿ ನೆನಪಿಗೆ ಬಂದಿತು, ಬೆನ್ನ ಮೇಲೆ ಬಿದ್ದ ಏಟು ಮರೆತುಹೋಯಿತು.

ಹಾಗಾದರೆ ನಲ್ವತ್ತು ವರ್ಷ ಬಂದದ್ದು ಎಲ್ಲಿಂದ? ಕಾದೇಶಿನಿಂದ. ಅಲ್ಲಿಂದ ಹನ್ನೆರಡು ಮಂದಿ ಗೂಢಚಾರರು ಕಾನಾನಿಗೆ ಹೋಗಿ ನಲ್ವತ್ತು ದಿನ ಸುತ್ತಿ ಬಂದರು. ಇಬ್ಬರು ಹೊತ್ತು ತಂದ ದ್ರಾಕ್ಷಿಗೊಂಚಲನ್ನು ಎಲ್ಲರೂ ಕಂಡರು. ಆದರೂ ಹತ್ತು ಮಂದಿ, ಅಲ್ಲಿನವರ ಮುಂದೆ ನಾವು ಮಿಡತೆಗಳಂತಿದ್ದೆವು ಎಂದರು. ಕಾಲೇಬ ಮತ್ತು ಯೆಹೋಶುವ ಇಬ್ಬರೇ, ಹೋಗೋಣ ಎಂದವರು. ಜನ ಹತ್ತು ಮಂದಿಯ ಮಾತು ಕೇಳಿ ರಾತ್ರಿಯಿಡೀ ಗೋಳಾಡಿದರು. ದಿನಕ್ಕೊಂದು ವರ್ಷದಂತೆ ನಲ್ವತ್ತು ವರ್ಷದ ತೀರ್ಪು ಬಂದದ್ದು ಆಗ. ತೀರ್ಪನ್ನು ಕೇಳಿದ ಮರುದಿನವೇ ಅದೇ ಜನ, ಈಗ ಹೋಗುತ್ತೇವೆ ಎಂದು ಬೆಟ್ಟ ಹತ್ತಿದರು. ಮೋಶೆ ಬೇಡವೆಂದನು. ಮಂಜೂಷವೂ ಪಾಳೆಯದಿಂದ ಕದಲಲಿಲ್ಲ. ಹೊರ್ಮಾದ ತನಕ ಸೋತು ಓಡಿ ಬಂದರು. ಹೊರಡೆಂದಾಗ ಕುಳಿತರು, ನಿಲ್ಲೆಂದಾಗ ಓಡಿದರು. ದಾರಿ ತೋರುವುದು ದೇವರ ಕೆಲಸವಾದರೂ ಕಾಲೆತ್ತಿ ಇಡುವುದು ಮನುಷ್ಯನ ಕೆಲಸ. ಹುಡುಗನ ಪ್ರಶ್ನೆಗೆ ನಮ್ಮ ಮೊದಲ ಉತ್ತರ ಇದು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಕಷ್ಟದಲ್ಲಿರುವವರನ್ನು ಗದರಿಸಿದಂತಾಗುತ್ತದೆ. ನಿನ್ನ ಕಷ್ಟಕ್ಕೆ ನಿನ್ನ ತಪ್ಪೇ ಕಾರಣವೆಂದು ಉಪದೇಶಿಸುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಆ ಪಾಳೆಯದಲ್ಲಿ ಏನೂ ತಪ್ಪು ಮಾಡದವರೂ ಇದ್ದರು. ಕಾಲೇಬ, ಯೆಹೋಶುವರು ಸರಿಯಾದ ಮಾತನ್ನೇ ಆಡಿಯೂ ಉಳಿದವರೊಡನೆ ಅಷ್ಟೇ ವರ್ಷ ಅಲೆದರು. ಕೂಸುಗಳು ಹೆತ್ತವರ ತಪ್ಪನ್ನು ಹೊತ್ತು ಅರಣ್ಯದಲ್ಲಿ ಬೆಳೆದವು. ಆದ್ದರಿಂದ ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಎರಡನೆಯ ಉತ್ತರ: ತೀರ್ಪಾದ ಮೇಲೆಯೂ ಮೋಡ ಅವರನ್ನು ಬಿಟ್ಟುಹೋಗಲಿಲ್ಲ. ಮನ್ನಾ ನಿಲ್ಲಲಿಲ್ಲ. ಬಟ್ಟೆ ಜೀರ್ಣವಾಗಲಿಲ್ಲ, ಕಾಲು ಬಾತುಕೊಳ್ಳಲಿಲ್ಲ ಎಂದು ಬಹುಕಾಲದ ನಂತರ ನೆಹೆಮೀಯನ ಪುಸ್ತಕದ ಪ್ರಾರ್ಥನೆಯಲ್ಲಿ ಅವರ ಸಂತತಿಯವರು ನೆನೆದರು. ಕಾದೇಶ್ ಬಿಟ್ಟು ಜೆರೆದ್ ಹಳ್ಳವನ್ನು ದಾಟುವ ತನಕ ಮೂವತ್ತೆಂಟು ವರ್ಷ. ಊರು ಹತ್ತಿರವಾಗದ ಆ ವರ್ಷಗಳಲ್ಲಿಯೂ ಬೆಳಗಿನ ಅನ್ನ ತಪ್ಪಲಿಲ್ಲ. ಗುರಿ ಮುಟ್ಟದ ಕಾಲವೆಲ್ಲ ದೇವರು ಕೈಬಿಟ್ಟ ಕಾಲವೆಂದು ತಿಳಿಯಬೇಕಾಗಿಲ್ಲ.

ಆ ಮೂವತ್ತೆಂಟು ವರ್ಷಗಳಲ್ಲಿ ನಡೆದ ದೊಡ್ಡ ಕೆಲಸವೆಂದರೆ ಮಕ್ಕಳು ಬೆಳೆದದ್ದು. ನಮ್ಮ ಮಕ್ಕಳು ಶತ್ರುಗಳ ಪಾಲಾಗುವರೆಂದು ಕಾದೇಶಿನಲ್ಲಿ ಹಿರಿಯರು ಅತ್ತಿದ್ದರಲ್ಲ, ಆ ಮಕ್ಕಳೇ ನಾಡನ್ನು ಸೇರುವರೆಂದು ಆಗಲೇ ಮಾತಾಗಿತ್ತು. ಅವರಲ್ಲಿ ಅನೇಕರು ಐಗುಪ್ತವನ್ನು ಕಂಡವರಲ್ಲ, ಸಮುದ್ರ ಇಬ್ಭಾಗವಾದದ್ದನ್ನೂ ಕಂಡವರಲ್ಲ. ಮೋಶೆ ತನ್ನ ಕೊನೆಯ ದಿನಗಳನ್ನು ಅವರಿಗೆ ಎಲ್ಲವನ್ನೂ ಮತ್ತೆ ಹೇಳುವುದರಲ್ಲಿ ಕಳೆದನು. ಮುಂದೆ ನಿನ್ನ ಮಗ, ಈ ಕಟ್ಟಳೆಗಳೆಲ್ಲ ಏನು ಎಂದು ಕೇಳಿದರೆ, ನಾವು ದಾಸರಾಗಿದ್ದೆವು ಎಂದು ಆರಂಭಿಸಿ ನಡೆದುದನ್ನು ತಿಳಿಸು ಎಂದನು. ಅವನು ಮಾತ್ರ ನೆಬೋ ಬೆಟ್ಟದಿಂದ ನಾಡನ್ನು ನೋಡಿ ಅಲ್ಲಿಯೇ ಕಣ್ಣು ಮುಚ್ಚಿದನು.

ಯೊರ್ದನನ್ನು ದಾಟಿ ಗಿಲ್ಗಾಲಿನಲ್ಲಿ ಇಳಿದುಕೊಂಡ ಜನ ಪಸ್ಕ ಹಬ್ಬ ಮಾಡಿ ಆ ನೆಲದ ಬೆಳೆಯನ್ನು ಉಂಡರು. ಮರುದಿನದಿಂದ ಮನ್ನಾ ನಿಂತಿತು. ಇನ್ನು ಉತ್ತು ಬಿತ್ತಿ ಉಣ್ಣಬೇಕು. ಮುಂದೆ ಮೋಡವೂ ಪಾಳೆಯದ ಮುಂದೆ ನಡೆದ ಸುದ್ದಿಯಿಲ್ಲ. ಅವರ ಕೈಯಲ್ಲಿ ಉಳಿದದ್ದು ಅರಣ್ಯದಲ್ಲಿ ಕಲಿತ ಕಟ್ಟಳೆಗಳು ಮತ್ತು ಹಿರಿಯರು ಹೇಳಿದ ಕಥೆ. ದಾರಿ ತೋರಲು ಅದು ಸಾಕಾಗಬೇಕಿತ್ತು.

ನಾಳೆ ಆ ಹುಡುಗ ಸಿಕ್ಕಿದರೆ ಇದನ್ನೇ ಹೇಳುವವರಿದ್ದೇವೆ. ಅವನ ಪ್ರಶ್ನೆ ಅಧಿಕಪ್ರಸಂಗವಲ್ಲ, ಮಕ್ಕಳು ಕೇಳಿಯಾರೆಂದು ಮೋಶೆಯೇ ಕಾದಿದ್ದ ಪ್ರಶ್ನೆಗಳ ಸಾಲಿಗೆ ಸೇರಿದ್ದು. ಮನೆಯಲ್ಲಿ ಮಕ್ಕಳು ಇಂಥದ್ದನ್ನು ಕೇಳಿದಾಗ, ದೇವರ ವಿಷಯದಲ್ಲಿ ಎದುರು ಮಾತನಾಡಬೇಡ ಎಂದು ಬಾಯಿ ಮುಚ್ಚಿಸದೆ, ಹಿರಿಯರು ಒಂದು ಗಳಿಗೆ ಹತ್ತಿರ ಕೂರಿಸಿಕೊಂಡು ತಮಗೆ ತಿಳಿದಷ್ಟನ್ನು ಹೇಳಲಿ ಎಂಬುದು ನಮ್ಮ ವಿನಂತಿ.