ನಾಚಿಕೆಗೆ ಎಷ್ಟು ಬೆಲೆ ಕೊಡುವುದು?

ಗರ್ಭಕೋಶದ ಕಾಯಿಲೆಯ ಮಾತು ಬಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಧ್ವನಿ ತಗ್ಗುತ್ತದೆ. "ಅದೆಲ್ಲ ನಮ್ಮ ಹೆಂಗಸರಿಗೆ ಬರುವುದಿಲ್ಲ" ಎನ್ನುವವರೂ ಇದ್ದಾರೆ. ಬರುತ್ತದೆ. ಬೇಗ ಹಿಡಿದರೆ ಬದುಕಿಸಲೂ ಆಗುತ್ತದೆ.

ನಮ್ಮ ಅಂಗಡಿ ಇರುವ ತುರೋರಿ, ಉಮರ್ಗಾ ತಾಲೂಕಿನ ಊರು. ಜಿಲ್ಲೆ ಉಸ್ಮಾನಾಬಾದ್, ಈಗಿನ ಧಾರಾಶಿವ. ಇದೇ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಮುಂಬೈಯ ಟಾಟಾ ಮೆಮೋರಿಯಲ್ ಮತ್ತು ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಗಳು ಅದರಲ್ಲಿದ್ದವು. 30ರಿಂದ 59 ವರ್ಷದ 34,126 ಮಹಿಳೆಯರ ಒಂದು ಗುಂಪನ್ನು ಒಮ್ಮೆ ಮಾತ್ರ ಎಚ್‌ಪಿವಿ ವೈರಸ್ ಪರೀಕ್ಷೆಗೆ ಕರೆದರು. 31,488 ಮಂದಿಯ ಇನ್ನೊಂದು ಗುಂಪಿಗೆ ಪರೀಕ್ಷೆ ಇರಲಿಲ್ಲ. ಎಂಟು ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ 34 ಸಾವು, ಎರಡನೆಯದರಲ್ಲಿ 64. ಎರಡನೇ ಹಂತದಲ್ಲಿ ಅಥವಾ ಅದನ್ನೂ ದಾಟಿ ಸಿಕ್ಕವರು ಇಲ್ಲಿ 39, ಅಲ್ಲಿ 82. 2009ರಲ್ಲಿ ಇದು ಪ್ರಕಟವಾಯಿತು.

ಒಂದು ಗುಂಪನ್ನು ಪರೀಕ್ಷೆಯಿಲ್ಲದೆ ಬಿಟ್ಟದ್ದಕ್ಕೆ ಆಮೇಲೆ ಟೀಕೆಯೂ ಬಂತು. ಸರಿಯೇ. ಆದರೆ ನಮ್ಮ ಹೆಂಗಸರನ್ನು ಇಂದಿಗೂ ಅದೇ ಗುಂಪಿನಲ್ಲಿ ಕೂರಿಸಿದವರು ಯಾರು? ನಾವೇ ಅಲ್ಲವೇ?

ಹಂತ ಎಂದರೆ ಬರೀ ನಂಬರ್ ಅಲ್ಲ. ಕ್ಯಾನ್ಸರ್ ಆಗುವ ಮೊದಲೇ ಸಿಕ್ಕರೆ ಆ ಭಾಗವನ್ನು ತಣಿಸಿಯೋ ಸುಟ್ಟೋ ತೆಗೆದು ಅದೇ ದಿನ ಮನೆಗೆ ಕಳಿಸುತ್ತಾರೆ. ಮೊದಲ ಹಂತದಲ್ಲಿ ಗರ್ಭಕಂಠದಲ್ಲೇ ಇರುತ್ತದೆ, ಹೆಚ್ಚಾಗಿ ಆಪರೇಷನ್ ಸಾಕು. ಸುತ್ತಲಿನ ಅಂಗಾಂಶಕ್ಕೆ ಹರಡಿದರೆ ವಾರಗಟ್ಟಲೆ ರೇಡಿಯೇಷನ್, ಜೊತೆಗೆ ಕಿಮೋ. ನಾಲ್ಕನೇ ಹಂತದಲ್ಲಿ ಮೂತ್ರಕೋಶ, ಗುದನಾಳ ಅಥವಾ ದೂರದ ಅಂಗಗಳಿಗೆ ತಲುಪಿರುತ್ತದೆ. ಆಗ ಹೊಲ ಮಾರಿದರೂ ವಾಸಿಯಾಗುವುದು ಕಷ್ಟ.

ಪರದೆಯ ಪ್ರಶ್ನೆ ಎತ್ತುತ್ತೀರಾ? ಉಸ್ಮಾನಾಬಾದಿನಲ್ಲಿ ಮಾದರಿ ತೆಗೆದವರು ತರಬೇತಿ ಪಡೆದ ದಾದಿಯರು. ಎಚ್‌ಪಿವಿ ಪರೀಕ್ಷೆಗೆ ಹೆಣ್ಣೇ ತನ್ನ ಮಾದರಿ ತೆಗೆದು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಹಾಗಾದರೆ ಇನ್ನು ಯಾವ ನೆಪ ಉಳಿಯಿತು?

ನಮ್ಮ ಜಮಾಅತ್‌ಗಳು ರಕ್ತದಾನ ಶಿಬಿರ ಮಾಡುತ್ತವೆ, ಕಣ್ಣಿನ ಶಿಬಿರ ಮಾಡುತ್ತವೆ. ಮುಂದಿನದು ಇದಾಗಲಿ, ಲೇಡಿ ಡಾಕ್ಟರರಿಂದಲೇ ಆಗಲಿ. ಗಲ್ಫ್‌ನಲ್ಲಿರುವ ಗಂಡಂದಿರೇ, 30 ದಾಟಿದ ಹೆಂಡತಿಗೆ ನೀವೇ ಫೋನಿನಲ್ಲಿ ಹೇಳಿ. 9ರಿಂದ 14 ವರ್ಷದ ಮಗಳಿದ್ದರೆ ಲಸಿಕೆ ಕೇಳಿ. ಮುಟ್ಟು ನಿಂತ ಮೇಲೆ ಉಮ್ಮನಿಗೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆಗೆ, ಶಿಬಿರಕ್ಕೆ ಕಾಯಬೇಡಿ. ಅದೇ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.