ಬಾವಿಗೆ ಕೈ ಮುಗಿದಿದ್ದು ಸಾಕು, ಬಾಗಿಲಿನ ಬಗ್ಗೆ ಮಾತಾಡೋಣ

ಟೀವಿಯಲ್ಲಿ ಬಂದ ಹಳೇ ಕಾಲದ ಕತೆಗಳಲ್ಲಿ ನಿಮ್ಮನ್ನ ತುಂಬಾ ಕಲಕಿದ ದೃಶ್ಯ ಯಾವುದು ಅಂತ ದೂರದರ್ಶನದ ಕಾಲದವರನ್ನ ಕೇಳಿ ನೋಡಿ. "ತಮಸ್" ಹೆಸರು ಬಂದೇ ಬರುತ್ತೆ. ಅದರಲ್ಲಿ ಯಾವ ದೃಶ್ಯ ಅಂದ್ರೆ ಹೆಚ್ಚಿನವರ ಉತ್ತರ ಒಂದೇ... ಆ ಬಾವಿ. ಗುರುದ್ವಾರದಿಂದ ಹೆಂಗಸರು ಸಾಲಾಗಿ ನಡೆದು ಬಂದು ಒಬ್ಬರ ಹಿಂದೆ ಒಬ್ಬರು ಬಾವಿಗೆ ಹಾರೋದು. "ಅಬ್ಬಾ, ಎಂಥಾ ತ್ಯಾಗ! ರೋಮಾಂಚನ ಆಗುತ್ತೆ" ಅಂತಾರೆ.

ನನ್ನ ತಕರಾರು ಇರೋದು ಆ ರೋಮಾಂಚನದ ಬಗ್ಗೆನೇ.

ನೋಡದೇ ಇದ್ದವರಿಗೆ ಒಂದೆರಡು ಮಾತು. ಭೀಷ್ಮ ಸಾಹನಿ ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. 1947ರ ಗಲಭೆಗಳನ್ನ ಕಣ್ಣಾರೆ ಕಂಡವರು. 1970ರಲ್ಲಿ ಭಿವಂಡಿ ಗಲಭೆಯಾದ ಮೇಲೆ ಆ ಊರಿಗೆ ಹೋಗಿ ಬಂದು, ಹಳೆಯದೆಲ್ಲ ನೆನಪಾಗಿ ಈ ಕಾದಂಬರಿ ಬರೆದರು. 1975ರಲ್ಲಿ ಇದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೋವಿಂದ ನಿಹಲಾನಿ ಅದನ್ನೇ ಟೀವಿಗೆ ತಂದರು. 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಶುರುವಾಗಿದ್ದೇ ತಡ, ನಿಲ್ಲಿಸಿ ಅಂತ ಗಲಾಟೆ. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಪೂರ್ತಿ ಕೂತು ನೋಡಿ, ತೋರಿಸಬಹುದು ಅಂದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು.

ಈಗ ಬಾವಿಗೆ ಬರೋಣ. ಅದು ಬರೀ ಕಲ್ಪನೆಯಲ್ಲ. 1947ರ ಮಾರ್ಚಿನಲ್ಲಿ ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಅನ್ನೋ ಹಳ್ಳಿಯಲ್ಲಿ ಸುಮಾರು 90 ಹೆಂಗಸರು ಹೀಗೇ ಬಾವಿಗೆ ಹಾರಿದ್ದರು. ಊರ್ವಶಿ ಬುಟಾಲಿಯಾ ಬದುಕುಳಿದವರನ್ನ ಹುಡುಕಿ ಮಾತಾಡಿಸಿ 1998ರಲ್ಲಿ ಪುಸ್ತಕ ತಂದರು. ಓದಿದರೆ ರೋಮಾಂಚನ ಆಗೋದಿಲ್ಲ, ಹೊಟ್ಟೆ ತೊಳಸುತ್ತೆ. ಬಾವಿ ಹೆಣಗಳಿಂದ ತುಂಬಿಹೋಗಿ ಕೊನೆಗೆ ಹಾರಿದವರು ಮುಳುಗಲೂ ಆಗದೆ ಉಳಿದುಕೊಂಡಿದ್ದು ಅದರಲ್ಲಿದೆ. ಮರ್ಯಾದೆ ಉಳಿಸೋಕೆ ಅಂತ ಅಪ್ಪಂದಿರೇ ಹೆಣ್ಣುಮಕ್ಕಳನ್ನ ಕಡಿದಿದ್ದೂ ಇದೆ. "ಅವರಾಗಿಯೇ ಆರಿಸಿಕೊಂಡ ಸಾವು" ಅಂತ ವಾದ ಮಾಡೋರಿಗೆ ನನ್ನದೊಂದೇ ಪ್ರಶ್ನೆ: ಊರಿನ ಮಾನವೆಲ್ಲ ನಿನ್ನ ಮೈಯಲ್ಲಿದೆ ಅಂತ ಹುಟ್ಟಿದಾಗಿಂದ ಹೇಳಿ ಬೆಳೆಸಿ, ಬಾವಿಕಟ್ಟೆವರೆಗೂ ತಂದು ನಿಲ್ಲಿಸಿದ ಮೇಲೆ ಇನ್ನೆಂಥಾ ಆಯ್ಕೆ ಸ್ವಾಮೀ?

ಅದೇ ಕತೆಯಲ್ಲಿ ಇನ್ನೊಂದು ದೃಶ್ಯ ಇದೆ. ಅದರ ಬಗ್ಗೆ ಯಾರೂ ರೋಮಾಂಚನಗೊಳ್ಳೋದಿಲ್ಲ.

ಹರನಾಮ್ ಸಿಂಗ್ ಮತ್ತು ಬಂತೋ ಅನ್ನೋ ಮುದುಕ ಮುದುಕಿ. ಹಳ್ಳಿಯಲ್ಲಿ ಚಹಾದಂಗಡಿ. ದೊಂಬಿ ಬರುತ್ತೆ ಅಂತ ಗೊತ್ತಾಗಿ ರಾತ್ರೋರಾತ್ರಿ ಎಲ್ಲ ಬಿಟ್ಟು ಓಡಿ, ಅಪರಿಚಿತ ಊರಿನಲ್ಲಿ ಒಂದು ಬಾಗಿಲು ತಟ್ಟುತ್ತಾರೆ. ತೆಗೆಯೋದು ರಾಜೋ, ಮುಸ್ಲಿಂ ಹೆಂಗಸು. ಗಂಡ, ಮಗ ಮನೆಯಲ್ಲಿಲ್ಲ. ಅವರು ಬಂದು ಏನು ಮಾಡ್ತಾರೋ ಅಂತ ಅವಳಿಗೇ ಭಯ. ಮೊದಲು ಹೋಗಿಬಿಡಿ ಅಂತಾಳೆ. ಅವರು ಹೊಸ್ತಿಲು ದಾಟುವಷ್ಟರಲ್ಲಿ ಮನಸ್ಸು ತಡೆಯದೆ ವಾಪಸ್ ಕರೀತಾಳೆ. ಸೊಸೆಗೆ ಇದು ಸುತರಾಂ ಇಷ್ಟವಿಲ್ಲ. ಆಮೇಲೆ ಗಂಡಸರು ಲೂಟಿ ಮಾಡಿದ ಪೆಟ್ಟಿಗೆ ಹೊತ್ತು ಬರ್ತಾರೆ. ಬೀಗ ಒಡೆಯೋಕೆ ನೋಡ್ತಾರೆ. ಒಡೆಯಬೇಡಿ, ಕೀಲಿ ನಮ್ಮ ಹತ್ರ ಇದೆ ಅಂತಾರೆ ಅಡಗಿದ್ದವರು. ಅದು ಅವರದ್ದೇ ಪೆಟ್ಟಿಗೆ!

ಇದಕ್ಕಿಂತ ಎದೆ ಹಿಂಡೋ ದೃಶ್ಯ ಬೇಕಾ? ಇಲ್ಲಿ ರಕ್ತ ಇಲ್ಲ, ಹೆಣ ಇಲ್ಲ. ಕಳ್ಳತನದ ಮಾಲೂ ಕಾಪಾಡಿದ ಕೈಯೂ ಒಂದೇ ಮನೆಯಲ್ಲಿವೆ. "ಇದೆಲ್ಲ ಸೌಹಾರ್ದದ ಸಕ್ಕರೆ ಪಾಕ" ಅನ್ನೋ ಮಿತ್ರರು ದಯವಿಟ್ಟು ಆ ಪೆಟ್ಟಿಗೆ ನೋಡಿ. ಸಾಹನಿ ಯಾರಿಗೂ ಸಕ್ಕರೆ ಹಂಚಿಲ್ಲ. ಇದೇ ಕತೆಯಲ್ಲಿ ಹಿಂದೂ ಹುಡುಗನೊಬ್ಬನಿಗೆ ಧೈರ್ಯ ಬರಲಿ ಅಂತ ಮೇಷ್ಟ್ರು ಕೋಳಿ ಕುಯ್ಯಿಸ್ತಾರೆ, ಅವನ ಗುಂಪಿನ ಇನ್ನೊಬ್ಬ ಹುಡುಗ ಬಡಪಾಯಿ ಅತ್ತರು ಮಾರುವವನಿಗೆ ಚೂರಿ ಹಾಕ್ತಾನೆ. ಎಲ್ಲರ ಕೈಯಲ್ಲೂ ರಕ್ತ ಇದೆ ಅಂತ ತೋರಿಸಿದ ಮೇಲೂ ರಾಜೋಳನ್ನ ಬರೆದರಲ್ಲ, ದೊಡ್ಡತನ ಇರೋದು ಅಲ್ಲಿ.

ಇನ್ನೊಂದು ವಿಷಯ. ಬಾವಿಗೆ ಮೊದಲು ಹಾರೋ ಜಸ್ಬೀರ್ ಇದ್ದಾಳಲ್ಲ, ಅವಳು ಈ ಹರನಾಮ್ ಸಿಂಗ್ ಮಗಳೇ. ಅಪ್ಪ ಅಮ್ಮ ಬದುಕಿದ್ದು ಯಾಕೆ? ಒಬ್ಬಳು ಬಾಗಿಲು ತೆರೆದಳು ಅಂತ. ಮಗಳು ಸತ್ತಿದ್ದು ಯಾಕೆ? ಅವಳ ಪಾಲಿಗೆ ಯಾವ ಬಾಗಿಲೂ ಉಳಿದಿರಲಿಲ್ಲ ಅಂತ. ಕತೆಗಾರ ಒಂದೇ ಸಂಸಾರವನ್ನ ಎರಡೂ ಕಡೆ ಇಟ್ಟಿದ್ದಾನೆ. ನಾವು ಮಾತ್ರ ಒಂದನ್ನ ಪೂಜೆ ಮಾಡಿ ಇನ್ನೊಂದನ್ನ ಮರೆತು ಕೂತಿದ್ದೀವಿ. ಟೀವಿಯಲ್ಲಿ ಬಾಗಿಲು ತಟ್ಟೋ ಆ ಮುದುಕನ ಪಾತ್ರ ಮಾಡಿದ್ದು ಯಾರು ಗೊತ್ತಾ? ಸ್ವತಃ ಭೀಷ್ಮ ಸಾಹನಿ. ರಾಜೋ ಆಗಿದ್ದು ಸುರೇಖಾ ಸಿಕ್ರಿ, "ಬಾಲಿಕಾ ವಧು"ವಿನ ದಾದೀಸಾ. ಅವರಿಗೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಬಂದಿದ್ದು ಈ ಪಾತ್ರಕ್ಕೇ.

ಯಾಕೆ ಹೀಗೆ ಅಂತ ಯೋಚಿಸಿದರೆ ನನಗನ್ನಿಸೋದು ಇಷ್ಟು. ಬಾವಿಯ ದೃಶ್ಯ ನಮ್ಮಿಂದ ಏನನ್ನೂ ಕೇಳೋದಿಲ್ಲ. ಕಣ್ಣೊರೆಸಿಕೊಂಡು ಕೈ ಮುಗಿದರೆ ಮುಗೀತು. ಬೇಕಾದರೆ ಸ್ವಲ್ಪ ಸಿಟ್ಟನ್ನೂ ಸೇರಿಸಿ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಬಹುದು. 2021ರಿಂದ ಆಗಸ್ಟ್ 14ನ್ನ ವಿಭಜನೆಯ ಭೀಕರತೆಯ ಸ್ಮರಣೆಯ ದಿನ ಅಂತ ಆಚರಿಸ್ತಾ ಇದ್ದೀವಿ. ನೆನೆಯಲೇಬೇಕು, ಮರೆಯಿರಿ ಅಂತ ನಾನು ಹೇಳ್ತಿಲ್ಲ. ಆದರೆ ಸತ್ತವರನ್ನ ಮಾತ್ರ ನೆನೆದು, ಉಳಿಸಿದವರನ್ನ ನೆನೆಯದೇ ಇದ್ದರೆ ಉಳಿಯೋದು ಸೇಡೊಂದೇ. ರಾಜೋ ದೃಶ್ಯ ಹಾಗಲ್ಲ. ನೀನಾಗಿದ್ದರೆ ಬಾಗಿಲು ತೆಗೀತಿದ್ದೆಯಾ ಅಂತ ಮುಖಕ್ಕೇ ಕೇಳುತ್ತೆ. ಅದಕ್ಕೇ ಅದು ಯಾರ ಫೇವರಿಟ್ಟೂ ಅಲ್ಲ!

ಕೊನೆಯಲ್ಲಿ ರಾಜೋ ಆ ಇಬ್ಬರನ್ನ ಕತ್ತಲಲ್ಲಿ ಊರಾಚೆ ಬಿಟ್ಟು ಬರುವಾಗ, ಪೆಟ್ಟಿಗೆಯಲ್ಲಿದ್ದ ಒಡವೆಗಳನ್ನ ಕಷ್ಟಕ್ಕಾಗುತ್ತೆ ಅಂತ ವಾಪಸ್ ಕೊಡ್ತಾಳೆ. ಬಾವಿ ನೋಡಿ ಅತ್ತವರು ಒಂದ್ಸಲ ಈ ದೃಶ್ಯವನ್ನೂ ನೋಡಿ. ಆಮೇಲೂ ಬಾವಿಯೇ ದೊಡ್ಡದು ಅನಿಸಿದರೆ ಬಂದು ಬೈಯಿರಿ, ಜಗಳಕ್ಕೆ ನಾನು ರೆಡಿ :)