ಮೆರವಣಿಗೆಯ ಮುಂದೆ ಧರ್ಮಗುರುಗಳು ನಡೆಯಲಿ



2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದ ಗಣೇಶ ವಿಸರ್ಜನೆಯ ಮೆರವಣಿಗೆಯು ಕಲಹಕ್ಕೆ ತಿರುಗಿ, ಕಲ್ಲು ತೂರಾಟ ನಡೆದು, ಅಂಗಡಿಗಳು ಅಗ್ನಿಗೆ ಆಹುತಿಯಾದುದನ್ನು ನೆರೆಯ ಕೃಷ್ಣರಾಜಪೇಟೆಯವರಾದ ನಾವು ಮರೆತಿಲ್ಲ. ಕೆಲದಿನಗಳ ತರುವಾಯ ಆ ಬೀದಿಯಲ್ಲಿ ಹಾದುಹೋಗುವಾಗ ಕಂಡ ಮಸಿಹಿಡಿದ ಷಟರಿನ ಮೇಲೆ ಹೆಸರು ಅರ್ಧ ಅಳಿಸಿತ್ತು. ಒಡೆಯನ ಮತ ಯಾವುದೆಂದು ತಿಳಿಯುವಂತಿರಲಿಲ್ಲ.

ಶಾಂತಿಗಾಗಿ ಧರ್ಮಗುರುಗಳು ಒಂದುಗೂಡುವುದು ಹೊಸದೇನಲ್ಲ: ಜಗತ್ತಿನ ನಾನಾ ಧರ್ಮಗಳ ಪ್ರಮುಖರು 1970ರಲ್ಲಿಯೇ ಜಪಾನಿನ ಕ್ಯೋಟೋ ನಗರದಲ್ಲಿ ಸಮಾವೇಶಗೊಂಡು ಶಾಂತಿಯನ್ನೂ ನಿರಸ್ತ್ರೀಕರಣವನ್ನೂ ಕುರಿತು ಸಮಾಲೋಚಿಸಿದರು. ಅಣ್ವಸ್ತ್ರದ ಮಾತು ದೊಡ್ಡವರದು. ನಮ್ಮ ಸೀಮೆಯ ಅಸ್ತ್ರವೋ ರಸ್ತೆಬದಿಯ ಜಲ್ಲಿಕಲ್ಲು! ಹಬ್ಬದ ಮುನ್ನ ಪೊಲೀಸ್ ಠಾಣೆಯಲ್ಲಿ ನಡೆಯುವ ಶಾಂತಿಸಭೆ ಚಹಾದೊಡನೆ ಮುಗಿದುಹೋಗದಂತೆ, ತಾಲ್ಲೂಕು ಆಡಳಿತವು ಹಬ್ಬಕ್ಕೆ 15 ದಿನ ಮುಂಚೆ ಮಠದ ಸ್ವಾಮಿಗಳನ್ನೂ ಮಸೀದಿಯ ಮೌಲ್ವಿಗಳನ್ನೂ ಚರ್ಚಿನ ಪಾದ್ರಿಗಳನ್ನೂ ಕೂಡಿಸಿ ಮಾರ್ಗವನ್ನು ನಿಶ್ಚಯಿಸಿ, ಮೆರವಣಿಗೆಯಂದು ಅವರೇ ಮುಂದೆ ನಡೆಯುವಂತೆ ಏರ್ಪಡಿಸಬೇಕೆಂದು ವಿನಂತಿಸುತ್ತೇನೆ.


ಓದುಗನೊಬ್ಬ, ಕೃಷ್ಣರಾಜಪೇಟೆ